ತೆಂಗು ನೀರು ಕುಡಿಯುತ್ತದೆ, ಬಾದಾಮಿ ಎಣ್ಣೆ ಬಿಡುತ್ತದೆ

ಹಿಂದಿನ ಸಂಚಿಕೆಯಲ್ಲಿ ಧಾನ್ಯ ಬಳಸದೆ ಮಾಡುವ ತಿಂಡಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ತೆಂಗಿನ ಹಿಟ್ಟು, ಬಾದಾಮಿ ಹಿಟ್ಟಿನಿಂದ ಮಾಡುವ ಪ್ಯಾನ್‌ಕೇಕ್ ಮತ್ತು ವಾಫಲ್ ಬಗ್ಗೆಯೇ ಇದ್ದವು. ಹರಿಯಿತು, ಪುಡಿಯಾಯಿತು, ಅಂಟಿಕೊಂಡಿತು, ಸೀದುಹೋಯಿತು. ಓದುತ್ತಾ ನನಗೂ ಬೇಜಾರಾಯಿತು, ಯಾಕೆಂದರೆ ಇದನ್ನು ಬರೆದವರಲ್ಲಿ ಸುಮಾರು ಜನ ಹವ್ಯಾಸಕ್ಕೆ ಮಾಡುತ್ತಿರುವವರಲ್ಲ, ಮನೆಯಲ್ಲಿ ಯಾರಿಗೋ ಗೋಧಿ ಆಗುವುದಿಲ್ಲ ಅಂತ ಮಾಡುತ್ತಿರುವವರು. ನನ್ನ ಅಕ್ಕನ ಮಗಳಿಗೂ ಸೀಲಿಯಾಕ್ ಇದೆ, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಕರುಳಿಗೆ ಹಾನಿ ಮಾಡುವ ಕಾಯಿಲೆ. ನಾನು ಇದನ್ನು ಕಲಿತಿದ್ದೂ ಅವಳಿಗಾಗಿಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ಮೈದಾ ಹಾಕುತ್ತಿದ್ದ ಅಳತೆಯಲ್ಲೇ ತೆಂಗಿನ ಹಿಟ್ಟು ಹಾಕಿದೆ. ಕಲಸಿದಾಗ ಚೆನ್ನಾಗಿಯೇ ಇತ್ತು, ಐದು ನಿಮಿಷ ಬಿಟ್ಟು ನೋಡಿದರೆ ಒದ್ದೆ ಮರಳಿನ ಹಾಗೆ ಆಗಿತ್ತು. ಹಾಲು ಸುರಿದೆ, ಇನ್ನೂ ಸುರಿದೆ. ಕಾವಲಿಯ ಮೇಲೆ ತುಂಡು ತುಂಡಾಯಿತು. ಎಲ್ಲಿ ತಪ್ಪಿದೆ?

ಉತ್ತರ: ಅಳತೆಯಲ್ಲಿ ತಪ್ಪಿದ್ದೀರಿ. ಮೈದಾ ಬೇರೆ, ಇದು ಬೇರೆ. ತೆಂಗಿನಕಾಯಿಯಿಂದ ಹಾಲು ಅಥವಾ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟವನ್ನು ಒಣಗಿಸಿ ಬೀಸಿದರೆ ಬರುವುದೇ ತೆಂಗಿನ ಹಿಟ್ಟು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಾರೇ ಇರುತ್ತದೆ. ನಾರು ನೀರನ್ನು ಹೀರುತ್ತದೆ, ಅದೂ ಒಂದೇ ಸಲಕ್ಕಲ್ಲ, ನಿಧಾನವಾಗಿ. ಅದಕ್ಕೇ ನಿಮಗೆ ಕಲಸಿದಾಗ ಸರಿಯಾಗಿ ಕಂಡಿದ್ದು ಐದು ನಿಮಿಷಕ್ಕೆ ಗಟ್ಟಿಯಾಯಿತು. ಒಂದು ಕಪ್ ಮೈದಾ ಬೇಕಾದ ಕಡೆ ತೆಂಗಿನ ಹಿಟ್ಟು ಕಾಲು ಕಪ್ ಸಾಕು, ಅಂದರೆ ಸುಮಾರು 30 ಗ್ರಾಂ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಗೋಧಿ ಹಿಟ್ಟಿಗೆ ನೀರು ಸೇರಿಸಿ ಕಲಸಿದರೆ ಗ್ಲುಟನ್ ಅನ್ನುವ ಪ್ರೋಟೀನ್ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ, ಒಳಗೆ ಹುಟ್ಟುವ ಗುಳ್ಳೆಗಳನ್ನು ಹಿಡಿದಿಡುತ್ತದೆ, ಮಗುಚುವಾಗ ಹರಿಯದಂತೆ ಕಾಯುತ್ತದೆ. ತೆಂಗಿನಲ್ಲೂ ಬಾದಾಮಿಯಲ್ಲೂ ಆ ಬಲೆ ಇಲ್ಲ. ಹಾಗಾದರೆ ಹಿಡಿದಿಡುವವರು ಯಾರು? ಮೊಟ್ಟೆ. ಮೊಟ್ಟೆಯ ಬಿಳಿ ಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಟ್ಟಿಯಾಗಲು ಶುರುವಾಗುತ್ತದೆ, ಹಳದಿ ಅದಕ್ಕಿಂತ ಸ್ವಲ್ಪ ಮೇಲೆ. ಹಾಗೆ ಗಟ್ಟಿಯಾಗುವಾಗ ಸುತ್ತಲಿನ ಹಿಟ್ಟನ್ನೆಲ್ಲ ಕಟ್ಟಿಹಾಕುತ್ತದೆ. ಧಾನ್ಯವಿಲ್ಲದ ಪ್ಯಾನ್‌ಕೇಕ್ ಅಂದರೆ ಹಿಟ್ಟು ಸೇರಿಸಿದ ಮೊಟ್ಟೆಯ ಅಡುಗೆ ಅಂತ ಅಂದುಕೊಳ್ಳಿ. ಇಷ್ಟು ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ. ನೀವು ಮಾಡಿದ ಹಾಗೆ ಹಾಲು ಮಾತ್ರ ಸುರಿಯುತ್ತಾ ಹೋದರೆ ಹಿಟ್ಟು ತೆಳ್ಳಗಾಗುತ್ತದೆ, ಕಟ್ಟುವ ಶಕ್ತಿ ಬರುವುದಿಲ್ಲ.

ನಾನು ಮಾಡುವ ಅಳತೆ ಇದು: 30 ಗ್ರಾಂ ತೆಂಗಿನ ಹಿಟ್ಟು, 3 ಮೊಟ್ಟೆ, 60ರಿಂದ 80 ಮಿಲಿಲೀಟರ್ ಹಾಲು, ಒಂದು ಚಮಚ ಕರಗಿಸಿದ ಬೆಣ್ಣೆ ಅಥವಾ ಎಣ್ಣೆ, ಚಿಟಿಕೆ ಉಪ್ಪು. ಹಿಟ್ಟನ್ನು ಜರಡಿ ಹಿಡಿಯಿರಿ, ಗಂಟು ಬಹಳ ಕಟ್ಟುತ್ತದೆ. ಎಲ್ಲ ಕಲಸಿ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಹದ ನೋಡಿ, ಸೌಟಿನಿಂದ ಹಾಕಿದರೆ ದಪ್ಪಗೆ ನಿಧಾನಕ್ಕೆ ಇಳಿಯಬೇಕು. ಗಟ್ಟಿ ಅನ್ನಿಸಿದರೆ ಒಂದೊಂದೇ ಚಮಚ ಹಾಲು ಸೇರಿಸಿ. ಸೋಡಾವನ್ನು ಮೊದಲೇ ಹಾಕಬೇಡಿ. ಹಿಟ್ಟು ನೆನೆದ ಮೇಲೆ, ಕಾವಲಿ ಕಾದ ಮೇಲೆ, ಕಾಲು ಟೀ ಚಮಚ ಸೋಡಾ ಮತ್ತು ಒಂದು ಟೀ ಚಮಚ ನಿಂಬೆರಸ ಹಾಕಿ ಕಲಕಿ ಕೂಡಲೇ ಹುಯ್ಯಿರಿ. ಸೋಡಾಕ್ಕೆ ಹುಳಿ ಸೇರಿದ ಕ್ಷಣದಿಂದಲೇ ಗುಳ್ಳೆ ಏಳುತ್ತದೆ. ನೆನೆಯಲು ಬಿಟ್ಟ ಹತ್ತು ನಿಮಿಷದಲ್ಲಿ ಆ ಗಾಳಿಯೆಲ್ಲ ಹೊರಟುಹೋದರೆ ಕಾವಲಿಯ ಮೇಲೆ ಉಬ್ಬಲು ಏನು ಉಳಿಯುತ್ತದೆ?

ಪ್ರಶ್ನೆ: ಬಾದಾಮಿ ಹಿಟ್ಟಿನಿಂದ ಮಾಡುತ್ತೇನೆ. ರುಚಿ ಚೆನ್ನಾಗಿದೆ. ಆದರೆ ಹೊರಗೆ ಕಪ್ಪು, ಒಳಗೆ ಹಸಿ. ಮಗುಚಲು ಹೋದರೆ ಅರ್ಧ ಸಟ್ಟುಗದ ಮೇಲೆ, ಅರ್ಧ ಕಾವಲಿಯಲ್ಲಿ.

ಉತ್ತರ: ಉರಿ ಜಾಸ್ತಿ, ಗಾತ್ರ ದೊಡ್ಡದು, ಅವಸರ. ಮೂರೂ ಇರಬಹುದು.

ಬಾದಾಮಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಪ್ರೋಟೀನ್ ಐದರಲ್ಲಿ ಒಂದು ಭಾಗ, ಸ್ವಲ್ಪ ಸಕ್ಕರೆಯೂ ಇದೆ. ಪ್ರೋಟೀನ್ ಮತ್ತು ಸಕ್ಕರೆ ಬಿಸಿಗೆ ಸೇರಿದರೆ ಬೇಗ ಕಂದು ಬಣ್ಣ ಬರುತ್ತದೆ. ನೀವು ಸಿಹಿಗೆ ಜೇನುತುಪ್ಪ ಹಾಕುತ್ತಿದ್ದರಂತೂ ಇನ್ನೂ ಬೇಗ, ಯಾಕೆಂದರೆ ಜೇನಿನಲ್ಲಿರುವ ಫ್ರಕ್ಟೋಸ್ ಸಾಮಾನ್ಯ ಸಕ್ಕರೆಗಿಂತ ಕಡಿಮೆ ಬಿಸಿಗೇ ಬಣ್ಣ ತಿರುಗುತ್ತದೆ. ಅದಕ್ಕೆ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟು ಹಾಕುವ ಹೊತ್ತಿಗೆ ಉರಿ ಇಳಿಸಿಬಿಡಿ. ಸಿಹಿಯನ್ನು ಹಿಟ್ಟಿಗೆ ಹಾಕದೆ ತಿನ್ನುವಾಗ ಮೇಲೆ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಗಾತ್ರ ಅಂಗೈಗಿಂತ ಚಿಕ್ಕದಾಗಿರಲಿ. ಮೂರು ಇಂಚು ಸಾಕು, ಎರಡು ದೊಡ್ಡ ಚಮಚ ಹಿಟ್ಟಿಗೆ ಒಂದು. ದೊಡ್ಡದು ಮಾಡಿದರೆ ಅದರ ಭಾರಕ್ಕೇ ಅದು ಹರಿಯುತ್ತದೆ. ಗೋಧಿಯ ಪ್ಯಾನ್‌ಕೇಕಿನ ಹಾಗೆ ಮೇಲೆಲ್ಲ ತೂತು ಬೀಳುವವರೆಗೆ ಕಾಯಬೇಡಿ, ಇದರಲ್ಲಿ ಅಷ್ಟು ತೂತು ಬೀಳುವುದೇ ಇಲ್ಲ. ಅಂಚು ನೋಡಿ. ಅಂಚಿನ ಹೊಳಪು ಹೋಗಿ ಒಣಗಿದ ಹಾಗೆ ಕಾಣಬೇಕು, ತೆಳುವಾದ ಸಟ್ಟುಗ ಕೆಳಗೆ ತೂರಿಸಿದರೆ ಒಂದೇ ಸಲಕ್ಕೆ ಪೂರ್ತಿ ಜಾರಿ ಬರಬೇಕು. ಎಳೆದರೆ ಬರುತ್ತಿಲ್ಲ ಅಂದರೆ ಇನ್ನೂ ಅರ್ಧ ನಿಮಿಷ ಬೇಕು ಅಂತ ಅರ್ಥ. ಮೇಲೆ ಒಂದು ಮುಚ್ಚಳ ಮುಚ್ಚಿದರೆ ಹಬೆಗೆ ಮೇಲ್ಭಾಗವೂ ಸ್ವಲ್ಪ ಬೇಯುತ್ತದೆ, ಮಗುಚುವುದು ಸುಲಭ ಆಗುತ್ತದೆ. ನಾನು ಯಾವಾಗಲೂ ಮುಚ್ಚುತ್ತೇನೆ.

ಅಳತೆ ನೀವು ಬರೆದಿಲ್ಲ. 100 ಗ್ರಾಂ ಬಾದಾಮಿ ಹಿಟ್ಟಿಗೆ 2 ಮೊಟ್ಟೆ, 60 ಮಿಲಿಲೀಟರ್ ಹಾಲು ಅಥವಾ ನೀರು, ಒಂದು ಚಮಚ ಎಣ್ಣೆ, ಕಾಲು ಟೀ ಚಮಚ ಸೋಡಾ, ಒಂದು ಟೀ ಚಮಚ ನಿಂಬೆರಸ. ಏಳೆಂಟು ಚಿಕ್ಕ ಪ್ಯಾನ್‌ಕೇಕ್ ಆಗುತ್ತವೆ. ಇದಕ್ಕೆ ತುಂಬಾ ಹೊತ್ತು ನೆನೆಯುವ ಅಗತ್ಯ ಇಲ್ಲ, ಬಾದಾಮಿ ತೆಂಗಿನಷ್ಟು ಹೀರುವುದಿಲ್ಲ.

ಪ್ರಶ್ನೆ: ಎರಡನ್ನೂ ಬೆರೆಸಬಹುದಾ?

ಉತ್ತರ: ಬೆರೆಸಲೇಬೇಕು ಅಂತ ನಾನು ಹೇಳುತ್ತೇನೆ. ಬರೀ ತೆಂಗು ಮೆತ್ತಗೆ, ಸ್ವಲ್ಪ ಒಣ, ಮೊಟ್ಟೆಯ ವಾಸನೆ ಮುಂದೆ ಬರುತ್ತದೆ. ಬರೀ ಬಾದಾಮಿ ಜಿಡ್ಡು, ಭಾರ. 75 ಗ್ರಾಂ ಬಾದಾಮಿ ಹಿಟ್ಟು, 20 ಗ್ರಾಂ ತೆಂಗಿನ ಹಿಟ್ಟು, 3 ಮೊಟ್ಟೆ, 75 ಮಿಲಿಲೀಟರ್ ಹಾಲು, ಒಂದು ಚಮಚ ಬೆಣ್ಣೆ. ಬಾದಾಮಿ ಬಿಡುವ ಎಣ್ಣೆಯೇ ತೆಂಗಿನ ಒಣತನವನ್ನು ಸರಿಮಾಡುತ್ತದೆ, ಹಾಲಿನಲ್ಲಿ ಹೆಚ್ಚಾದ ನೀರನ್ನು ತೆಂಗು ಹೀರಿಕೊಂಡು ಹಿಟ್ಟಿಗೆ ಮೈ ಕೊಡುತ್ತದೆ. ಐದು ನಿಮಿಷ ನೆನೆಸಿ, ಸೋಡಾ ಮತ್ತು ನಿಂಬೆರಸ ಕೊನೆಗೆ. ಮೊದಲ ಸಲ ಮಾಡುವವರು ಇದರಿಂದಲೇ ಶುರುಮಾಡಿ. ದಯವಿಟ್ಟು ತೂಕ ಮಾಡಿ, ಕಪ್ಪಿನ ಅಳತೆ ನಂಬಬೇಡಿ. ತೆಂಗಿನ ಹಿಟ್ಟನ್ನು ಒತ್ತಿ ತುಂಬಿದ ಚಮಚಕ್ಕೂ ಸಡಿಲವಾಗಿ ತುಂಬಿದ ಚಮಚಕ್ಕೂ ಇರುವ ಒಂದೆರಡು ಗ್ರಾಂ ವ್ಯತ್ಯಾಸವೇ ಇಲ್ಲಿ ಹದ ಕೆಡಿಸಲು ಸಾಕು.

ಪ್ರಶ್ನೆ: ಅಂಗಡಿಯಲ್ಲಿ ಒಂದು ಪೊಟ್ಟಣದ ಮೇಲೆ ಆಲ್ಮಂಡ್ ಮೀಲ್, ಇನ್ನೊಂದರ ಮೇಲೆ ಆಲ್ಮಂಡ್ ಫ್ಲೋರ್ ಅಂತ ಇತ್ತು. ಎರಡೂ ಒಂದೇನಾ? ಮಿಕ್ಸಿಯಲ್ಲಿ ಮನೆಯಲ್ಲೇ ಮಾಡಿಕೊಂಡರೆ ಆಗುವುದಿಲ್ಲವಾ? ತೆಂಗಿನ ಹಿಟ್ಟಿನ ಬದಲು ಒಣ ಕೊಬ್ಬರಿ ತುರಿ ಹಾಕಬಹುದಾ?

ಉತ್ತರ: ಸಾಮಾನ್ಯವಾಗಿ ಮೀಲ್ ಅಂದರೆ ಸಿಪ್ಪೆ ಸಮೇತ ಬೀಸಿದ್ದು, ತರಿತರಿ, ಕಂದು ಚುಕ್ಕೆ ಇರುತ್ತದೆ. ಫ್ಲೋರ್ ಅಂದರೆ ಸಿಪ್ಪೆ ತೆಗೆದು ನುಣ್ಣಗೆ ಬೀಸಿದ್ದು. ಆದರೆ ಎಲ್ಲ ಕಂಪನಿಗಳೂ ಇದನ್ನು ಪಾಲಿಸುವುದಿಲ್ಲ, ಪೊಟ್ಟಣದ ಒಳಗೆ ಏನಿದೆ ಅಂತ ಕಣ್ಣಲ್ಲೇ ನೋಡಿ. ಪ್ಯಾನ್‌ಕೇಕಿಗೆ ಎರಡೂ ಆಗುತ್ತವೆ. ಸಿಪ್ಪೆ ಇರುವುದರಿಂದ ಮಾಡಿದ್ದು ಒರಟಾಗಿ, ಹೆಚ್ಚು ಉಬ್ಬದೆ ಬರುತ್ತದೆ, ಆದರೆ ಅದಕ್ಕೆ ಒಂದು ಹುರಿದ ಘಮ ಇರುತ್ತದೆ, ನನಗೆ ಅದೇ ಇಷ್ಟ. ವಾಫಲ್‌ಗೆ ಮಾತ್ರ ನುಣ್ಣಗಿನದೇ ತನ್ನಿ.

ಮನೆಯಲ್ಲಿ ಧಾರಾಳವಾಗಿ ಮಾಡಬಹುದು. ಸಿಪ್ಪೆ ಬೇಡ ಅಂದರೆ ಬಾದಾಮಿಯನ್ನು ಒಂದು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ, ಬೆರಳಲ್ಲಿ ಒತ್ತಿದರೆ ಜಾರುತ್ತದೆ. ಆಮೇಲೆ ಪೂರ್ತಿ ಒಣಗಬೇಕು, ತೇವ ಇದ್ದರೆ ಬೀಸುವಾಗ ಮುದ್ದೆಯಾಗುತ್ತದೆ. ಮಿಕ್ಸಿಯನ್ನು ಎರಡು ಮೂರು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟುಕೊಂಡು ಬೆಣ್ಣೆಯ ಹಾಗಾಗುತ್ತದೆ. ಜಾರಿನ ಗೋಡೆಗೆ ಪುಡಿ ಅಂಟಲು ಶುರುವಾಯಿತು ಅಂದರೆ ನಿಲ್ಲಿಸುವ ಹೊತ್ತು ಬಂತು ಅಂತ. ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಹಾಕಿ.

ಒಣ ಕೊಬ್ಬರಿ ತುರಿ ಬೇರೆಯೇ ವಸ್ತು. ಅದರಲ್ಲಿ ಎಣ್ಣೆ ಹಾಗೆಯೇ ಇರುತ್ತದೆ, ಆದ್ದರಿಂದ ಅಷ್ಟು ನೀರು ಹೀರುವುದಿಲ್ಲ. ಅದೇ ಅಳತೆಯಲ್ಲಿ ಹಾಕಿದರೆ ಹಿಟ್ಟು ನೀರಾಗಿ ಹರಿಯುತ್ತದೆ. ರುಚಿಗೆ ಅಂತ ಒಂದು ಚಮಚ ಸೇರಿಸಿ, ಹಿಟ್ಟಿನ ಬದಲಿಗೆ ಬೇಡ. ಮನೆಯಲ್ಲಿ ತೆಂಗಿನ ಹಾಲು ಹಿಂಡುವವರು ಚರಟವನ್ನು ಸಣ್ಣ ಕಾವಿನ ಓವನ್‌ನಲ್ಲಿ ಗರಿಯಾಗುವವರೆಗೆ ಒಣಗಿಸಿ ಬೀಸಿಕೊಳ್ಳಬಹುದು. ಅದರಲ್ಲಿ ಅಂಗಡಿಯ ಹಿಟ್ಟಿಗಿಂತ ಎಣ್ಣೆ ಜಾಸ್ತಿ ಉಳಿದಿರುತ್ತದೆ, ಹೀರುವುದು ಕಡಿಮೆ. ಹಾಲು ಹಾಕುವಾಗ ಕೈ ಹಿಡಿದು ಹಾಕಿ.

ಪ್ರಶ್ನೆ: ಅಕ್ಕಾ, ವಾಫಲ್ ಯಂತ್ರ ತೆರೆದರೆ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನ ತಟ್ಟೆಗೆ. ಕಡ್ಡಿಯಲ್ಲಿ ಕೆರೆದು ಕೆರೆದು ಸಾಕಾಯಿತು. ಒಂದೆರಡು ಸಲ ಪೂರ್ತಿ ಬಂದರೂ ಗರಿಗರಿ ಇಲ್ಲ, ಬಟ್ಟೆಯ ಹಾಗೆ ಬಾಗುತ್ತದೆ.

ಉತ್ತರ: ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ, ಯಾಕೆಂದರೆ ಈ ದೂರು ಹನ್ನೊಂದು ಪತ್ರಗಳಲ್ಲಿ ಇತ್ತು.

ಬೇಯುವ ಮೊದಲೇ ತೆರೆದರೆ ವಾಫಲ್ ಎರಡಾಗುತ್ತದೆ. ಯಂತ್ರದ ದೀಪ ಗೋಧಿ ಹಿಟ್ಟಿನ ಲೆಕ್ಕದಲ್ಲಿ ಉರಿಯುವುದು, ಅದನ್ನು ಇಲ್ಲಿ ನಂಬಬೇಡಿ. ಅಂಚಿನಿಂದ ಹೊರಡುವ ಹಬೆ ನೋಡಿ. ಮೊದಲು ಜೋರಾಗಿ ಬರುತ್ತದೆ, ಆಮೇಲೆ ಇಳಿಯುತ್ತದೆ, ಕೊನೆಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಹಬೆ ನಿಲ್ಲುವವರೆಗೆ ಮುಟ್ಟಲೇಬೇಡಿ. ನನ್ನ ಯಂತ್ರದಲ್ಲಿ ಐದಾರು ನಿಮಿಷ ಹಿಡಿಯುತ್ತದೆ. ಮೆಲ್ಲಗೆ ಎತ್ತಿ ನೋಡಿ, ತಡೆದ ಹಾಗೆ ಅನ್ನಿಸಿದರೆ ಮುಚ್ಚಿ ಇನ್ನೊಂದು ನಿಮಿಷ ಬಿಡಿ. ತಟ್ಟೆ ಹಿಟ್ಟು ಹಾಕುವ ಮೊದಲೇ ಪೂರ್ತಿ ಕಾದಿರಬೇಕು, ಕುಂಚದಲ್ಲಿ ಪ್ರತಿ ಗುಣಿಗೂ ಎಣ್ಣೆ ಸವರಿರಬೇಕು. ಅಂಟದ ಲೇಪನ ಇದೆ ಅಂತ ಎಣ್ಣೆ ಸವರದೆ ಇರಬೇಡಿ. ಹಿಟ್ಟಿನಲ್ಲೂ ಪ್ಯಾನ್‌ಕೇಕಿಗಿಂತ ಕೊಬ್ಬು ಜಾಸ್ತಿ ಬೇಕು.

ಇನ್ನು ಗರಿಗರಿ. ತೆಂಗಿನ ಹಿಟ್ಟು ತಾನು ಹೀರಿದ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅದರಿಂದ ಮಾಡಿದ ವಾಫಲ್ ಎಷ್ಟು ಬೇಯಿಸಿದರೂ ಮೆತ್ತಗೇ ಇರುತ್ತದೆ. ವಾಫಲ್‌ಗೆ ಬಾದಾಮಿಯೇ ಸರಿ. ಜೊತೆಗೆ ಸ್ವಲ್ಪ ಮರಗೆಣಸಿನ ಪಿಷ್ಟ, ಅಂದರೆ ಟ್ಯಾಪಿಯೋಕಾ. ಅದು ಗೆಡ್ಡೆಯಿಂದ ಬರುವುದು, ಧಾನ್ಯ ಅಲ್ಲ. ಹೊರಗಿನ ಪದರ ಗಟ್ಟಿಯಾಗಿ ಕುರುಕುರು ಅನ್ನುವುದು ಅದರಿಂದಲೇ. 150 ಗ್ರಾಂ ಬಾದಾಮಿ ಹಿಟ್ಟು, 30 ಗ್ರಾಂ ಪಿಷ್ಟ, 3 ಮೊಟ್ಟೆ, 60 ಮಿಲಿಲೀಟರ್ ಹಾಲು, 45 ಗ್ರಾಂ ಕರಗಿಸಿದ ಬೆಣ್ಣೆ, ಕಾಲು ಟೀ ಚಮಚ ಸೋಡಾ, ಒಂದು ಟೀ ಚಮಚ ನಿಂಬೆರಸ, ಉಪ್ಪು. ಮೊಟ್ಟೆಯ ಹಳದಿಯನ್ನು ಮಿಕ್ಕ ಎಲ್ಲದರ ಜೊತೆ ಕಲಸಿ. ಬಿಳಿಯನ್ನು ಬೇರೆ ಪಾತ್ರೆಯಲ್ಲಿ ನೊರೆ ಎದ್ದು ತುದಿ ನಿಲ್ಲುವವರೆಗೆ ಕಡೆದು, ಕೊನೆಯಲ್ಲಿ ಸೌಟಿನಿಂದ ಮಡಚಿ ಮಡಚಿ ಸೇರಿಸಿ. ಆ ಪಾತ್ರೆಯಲ್ಲಿ ಜಿಡ್ಡು ಇರಬಾರದು, ಹಳದಿಯ ಒಂದು ಹನಿ ಬಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ.

ಆಮೇಲೆ ಒಂದು ಸಣ್ಣ ವಿಷಯ, ಆದರೆ ಅದರಿಂದಲೇ ಎಲ್ಲ ಕೆಡುವುದು. ಬಿಸಿ ವಾಫಲನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ಹಬೆ ಕೆಳಗೆ ಸಿಕ್ಕಿಹಾಕಿಕೊಂಡು ಎರಡೇ ನಿಮಿಷಕ್ಕೆ ಮೆತ್ತಗೆ ಮಾಡುತ್ತದೆ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಯಂತ್ರದಿಂದ ತೆಗೆದಾಗ ಸ್ವಲ್ಪ ಮೆತ್ತಗಿದ್ದದ್ದು ಜಾಲರಿಯ ಮೇಲೆ ಆರುತ್ತಾ ಗರಿಯಾಗುತ್ತದೆ, ನೋಡಿ.

ಪ್ರಶ್ನೆ: ಬೇಕಿಂಗ್ ಪೌಡರ್ ಹಾಕಬಾರದಾ? ಯಾವಾಗಲೂ ಸೋಡಾ ಮತ್ತು ನಿಂಬೆ ಅಂತಲೇ ಬರೆಯುತ್ತೀರಿ.

ಉತ್ತರ: ಅದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಅದು ಧಾನ್ಯ. ಪುಡಿ ತೇವಕ್ಕೆ ಗಟ್ಟಿಯಾಗದಿರಲಿ ಅಂತ ಹಾಕುತ್ತಾರೆ. ಗ್ಲುಟನ್ ಮಾತ್ರ ಬೇಡ ಅನ್ನುವವರಿಗೆ ಇದರಿಂದ ತೊಂದರೆ ಇಲ್ಲ, ಧಾನ್ಯವೇ ಬೇಡ ಅನ್ನುವವರು ನೋಡಿಕೊಳ್ಳಬೇಕು. ಗ್ಲುಟನ್ ಇಲ್ಲ ಅನ್ನುವುದೂ ಧಾನ್ಯ ಇಲ್ಲ ಅನ್ನುವುದೂ ಒಂದೇ ಅಲ್ಲ ಅಲ್ವಾ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ಆದರೂ ಅದು ಧಾನ್ಯವೇ. ಒಂದು ಟೀ ಚಮಚ ಬೇಕಿಂಗ್ ಪೌಡರ್ ಬದಲು ಕಾಲು ಟೀ ಚಮಚ ಸೋಡಾ ಮತ್ತು ಅರ್ಧ ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಅನ್ನುವ ಹುಳಿ ಪುಡಿ ಹಾಕಬಹುದು.

ಪ್ರಶ್ನೆ: ನಾವು ಮೊಟ್ಟೆ ತಿನ್ನುವುದಿಲ್ಲ. ಏನು ಮಾಡಲಿ?

ಉತ್ತರ: ತೆಂಗಿನ ಹಿಟ್ಟು ಬಿಟ್ಟುಬಿಡಿ. ಮೊಟ್ಟೆ ಇಲ್ಲದೆ ಅದನ್ನು ಹಿಡಿದು ನಿಲ್ಲಿಸಲು ನಾನು ಮಾಡಿದ ಪ್ರಯತ್ನಗಳಲ್ಲಿ ಒಂದೂ ನಿಮಗೆ ಹೇಳುವ ಹಾಗೆ ಬಂದಿಲ್ಲ. ಬಾದಾಮಿಯಲ್ಲಿ ಆಗುತ್ತದೆ. ಒಂದು ಮೊಟ್ಟೆಯ ಬದಲು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾಗುತ್ತದೆ. 100 ಗ್ರಾಂ ಬಾದಾಮಿ ಹಿಟ್ಟಿಗೆ ಇಂಥ ಎರಡು ಪಾಲು, ಜೊತೆಗೆ 30 ಗ್ರಾಂ ಮರಗೆಣಸಿನ ಪಿಷ್ಟ. ಲೋಳೆ ಅಂಟಿಸುತ್ತದೆ, ಆದರೆ ಮೊಟ್ಟೆಯ ಹಾಗೆ ಬಿಸಿಗೆ ಗಟ್ಟಿಯಾಗುವುದಿಲ್ಲ, ಅದಕ್ಕೇ ಪಿಷ್ಟ ಬೇಕು. ಎರಡು ಇಂಚಿನಷ್ಟು ಚಿಕ್ಕದಾಗಿ, ತೆಳ್ಳಗೆ, ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು. ಉಬ್ಬುವುದು ಕಡಿಮೆ, ಒಳಗೆ ಸ್ವಲ್ಪ ಮಿದುವಾಗಿ ಅಂಟಂಟಾಗಿ ಇರುತ್ತದೆ. ರುಚಿಗೆ ಏನೂ ಕೊರತೆ ಇಲ್ಲ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಇದನ್ನು ಎಷ್ಟು ಬೇಕಾದರೂ ತಿನ್ನಬಹುದು ಅಂತ ಗೆಳೆಯರು ಹೇಳಿದರು.

ಉತ್ತರ: ಎಷ್ಟು ಬೇಕಾದರೂ ಅನ್ನುವುದು ಸರಿಯಲ್ಲ. 100 ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಬಾದಾಮಿ ಹಿಟ್ಟಿನಲ್ಲಿ ಇರುವುದು 20 ಗ್ರಾಂ ಆಸುಪಾಸು, ಅದರಲ್ಲೂ ಅರ್ಧದಷ್ಟು ನಾರು. ಆ ಲೆಕ್ಕದಲ್ಲಿ ಗೆಳೆಯರ ಮಾತು ನಿಜ. ಆದರೆ ಅದೇ 100 ಗ್ರಾಂ ಬಾದಾಮಿ ಹಿಟ್ಟಿನಲ್ಲಿ 570ಕ್ಕಿಂತ ಹೆಚ್ಚು ಕ್ಯಾಲೊರಿ ಇದೆ, ಮೈದಾದಲ್ಲಿ 360 ಚಿಲ್ಲರೆ. ಮೇಲೆ ಜೇನು ಸುರಿದರೆ, ಹಿಟ್ಟಿಗೆ ಬಾಳೆಹಣ್ಣು ಕಿವುಚಿ ಹಾಕಿದರೆ, ಪಿಷ್ಟ ಸೇರಿಸಿದರೆ ಸಕ್ಕರೆಯ ಲೆಕ್ಕವೂ ಏರುತ್ತದೆ. ಎರಡು ಮೂರು ಚಿಕ್ಕವು ತಿನ್ನಿ, ತಿಂದ ಎರಡು ಗಂಟೆಗೆ ನಿಮ್ಮ ಮೀಟರ್‌ನಲ್ಲಿ ನೋಡಿ, ಆ ಅಂಕಿ ಇಟ್ಟುಕೊಂಡು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ನನ್ನ ಮಾತಿಗಿಂತ ನಿಮ್ಮ ಮೀಟರ್ ನಿಮಗೆ ಸರಿಯಾಗಿ ಹೇಳುತ್ತದೆ.

ಪ್ರಶ್ನೆ: ಮಗನಿಗೆ ಬಾದಾಮಿ ಅಲರ್ಜಿ. ತೆಂಗು ಕೊಡಬಹುದಾ? ಬಾದಾಮಿಯ ಬದಲು ಬೇರೆ ಏನಾದರೂ?

ಉತ್ತರ: ಬಾದಾಮಿ ಅಲರ್ಜಿ ಇರುವ ಬಹಳ ಜನ ತೆಂಗು ತಿನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವರ್ಷಗಟ್ಟಲೆ ತೆಂಗನ್ನು ಬಾದಾಮಿ, ಗೋಡಂಬಿಯಂಥ ಮರದ ಬೀಜಗಳ ಅಲರ್ಜಿ ಪಟ್ಟಿಯಲ್ಲಿ ಇಟ್ಟಿತ್ತು, 2025ರ ಜನವರಿಯಲ್ಲಿ ತೆಗೆಯಿತು. ಆದರೆ ತೆಂಗಿನ ಅಲರ್ಜಿಯೂ ಅಪರೂಪಕ್ಕೆ ಇರುತ್ತದೆ. ಮಗುವಿನ ವಿಷಯದಲ್ಲಿ ಪತ್ರಿಕೆ ಓದಿ ಪ್ರಯೋಗ ಮಾಡಬೇಡಿ, ಅಲರ್ಜಿ ನೋಡುವ ವೈದ್ಯರು ಸರಿ ಅಂದ ಮೇಲೆ ಕೊಡಿ.

ಬಾದಾಮಿಯ ಬದಲು ಸೂರ್ಯಕಾಂತಿ ಬೀಜದ ಪುಡಿಯನ್ನು ಅಷ್ಟೇ ತೂಕಕ್ಕೆ ಹಾಕಬಹುದು. ಒಂದು ಎಚ್ಚರಿಕೆ: ಸೋಡಾ ಜೊತೆ ಸೇರಿದರೆ ಅದು ಆರಿದ ಮೇಲೆ ಒಳಗೆಲ್ಲ ಹಸಿರಾಗುತ್ತದೆ. ಬೂಷ್ಟು ಅಂದುಕೊಂಡು ಎಸೆಯಬೇಡಿ. ಆ ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಕ್ಷಾರಕ್ಕೆ ಹಾಗೆ ಬಣ್ಣ ತಿರುಗುತ್ತದೆ, ತಿಂದರೆ ಏನೂ ಆಗುವುದಿಲ್ಲ. ನಿಂಬೆರಸ ಸ್ವಲ್ಪ ಜಾಸ್ತಿ ಹಾಕಿದರೆ ಹಸಿರು ಕಡಿಮೆ.

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್, ಉಳಿದವರು ಗೋಧಿ ವಾಫಲ್ ತಿನ್ನುತ್ತಾರೆ. ಒಂದೇ ಯಂತ್ರ ತೊಳೆದು ಬಳಸಿದರೆ ಸಾಲದಾ?

ಉತ್ತರ: ಸಾಲದು. ಈ ಒಂದು ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ. ವಾಫಲ್ ಯಂತ್ರವನ್ನು ನೀರಿನಲ್ಲಿ ಮುಳುಗಿಸಿ ತೊಳೆಯಲು ಆಗುವುದಿಲ್ಲ, ಗುಣಿಗಳ ಮೂಲೆಯಲ್ಲಿ, ಕೀಲಿನ ಸಂದಿನಲ್ಲಿ ಸುಟ್ಟ ಚೂರು ಉಳಿದೇ ಉಳಿಯುತ್ತದೆ. ಸೀಲಿಯಾಕ್ ಇರುವವರ ಕರುಳಿಗೆ ಆ ಚೂರೂ ಹಾನಿ ಮಾಡಬಹುದು. ಅಕ್ಕನ ಮಗಳಿಗೆ ಊಟದಲ್ಲಿ ಎಲ್ಲ ಬಿಡಿಸಿದ ಮೇಲೂ ಹೊಟ್ಟೆನೋವು ನಿಂತಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಎಲ್ಲರೂ ಬಳಸುತ್ತಿದ್ದ ಯಂತ್ರ ಮತ್ತು ಹಿಟ್ಟಿನ ಜರಡಿಯನ್ನು ಅವಳಿಗೆ ಬೇರೆ ಮಾಡಿದೆವು, ಆಮೇಲೆ ಕಡಿಮೆಯಾಯಿತು. ನಿಮ್ಮ ಮನೆಯಲ್ಲೂ ಸೀಲಿಯಾಕ್ ಇರುವವರಿಗೆ ಅಂತ ಒಂದು ಚಿಕ್ಕ ಯಂತ್ರ, ಒಂದು ಜರಡಿ, ಒಂದು ಕುಂಚ ಇಡಿ. ಬಾದಾಮಿ ಹಿಟ್ಟಿನ ಪೊಟ್ಟಣದ ಮೇಲೂ ಗ್ಲುಟನ್ ಮುಕ್ತ ಅಂತ ಬರೆದಿದೆಯಾ ನೋಡಿ, ಗೋಧಿ ಬೀಸುವ ಜಾಗದಲ್ಲೇ ಅದನ್ನೂ ಬೀಸಿರಬಹುದು.

ಪ್ರಶ್ನೆ: ಜಾಸ್ತಿ ಮಾಡಿ ಇಟ್ಟುಕೊಳ್ಳಬಹುದಾ? ಬಾದಾಮಿ ಹಿಟ್ಟು ಎಷ್ಟು ದಿನ ಇರುತ್ತದೆ?

ಉತ್ತರ: ಹಿಟ್ಟು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ ಒಳಗೆ ಇರಲಿ. ಎಣ್ಣೆ ಜಾಸ್ತಿ ಇರುವುದರಿಂದ ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ. ಬಳಸುವ ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ, ಕಹಿಯಾಗಿ ಗಂಟಲು ಹಿಡಿದರೆ ಅದನ್ನು ಉಪಯೋಗಿಸಬೇಡಿ. ವಾಫಲ್ ಮತ್ತು ಪ್ಯಾನ್‌ಕೇಕ್ ಎರಡೂ ಫ್ರೀಜರ್‌ನಲ್ಲಿ ಒಂದು ತಿಂಗಳು ಚೆನ್ನಾಗಿ ಇರುತ್ತವೆ. ಪೂರ್ತಿ ಆರಿದ ಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ವಾಫಲನ್ನು ಕರಗಲು ಬಿಡದೆ ನೇರವಾಗಿ ಟೋಸ್ಟರ್‌ಗೆ ಹಾಕಿ. ಮೈಕ್ರೋವೇವ್ ಬೇಡ, ಮತ್ತೆ ಬಟ್ಟೆಯ ಹಾಗೆ ಬಾಗುತ್ತದೆ.